ಮುಂದುವರಿದ ದೇಶದ ಬಾಟಲಿ

ಗಿರಣಿಯ ಕೂಗು ಕೇಳಿದ ಮೇಲೇ ದಾವಣಗೆರೆಯ ಒಲೆಗಳು ಹೊತ್ತಿಕೊಳ್ಳುತ್ತಿದ್ದ ಕಾಲ ಅದು. ನನಗಾಗ ಹತ್ತು ವರ್ಷ. ಅಕ್ಕ ಗಿರಿಜಾ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಮನೆ ತುಂಬ ಸಾಂಬ್ರಾಣಿ ಹೊಗೆ, ಮೆಣಸಿನ ಸಾರಿಗೆ ಜಜ್ಜಿದ ಬೆಳ್ಳುಳ್ಳಿಯ ಘಾಟು. ಬಾಣಂತಿಗೆ ಅಂಟಿನುಂಡೆ ಕಟ್ಟುವಾಗ ಅಜ್ಜಿ ನನ್ನ ಕೈಗೂ ಒಂದು ತುರುಕುತ್ತಿದ್ದಳು.

ಭಾವ ಹರಿಹರದ ಕಾರ್ಖಾನೆಯೊಂದರಲ್ಲಿ ಗುಮಾಸ್ತರು. ಭಾನುವಾರ ರೈಲಿಗೆ ಬರುತ್ತಿದ್ದರು. ಮಿಷನ್ ಜೋಡಿಸಲು ಬಂದಿದ್ದ ಬಿಳಿ ಇಂಜಿನಿಯರನನ್ನು ದೂರದಿಂದ ಕಂಡದ್ದೇ ತಡ, ಅವರ ಬಾಯಲ್ಲಿ 'ಅಡ್ವಾನ್ಸ್ಡ್ ಕಂಟ್ರೀಸ್' ಬಿಡಾರ ಹೂಡಿತು. "ಅಡ್ವಾನ್ಸ್ಡ್ ಕಂಟ್ರೀಸ್‌ನಾಗೆ ಯಾರೂ ನೆಲದ ಮ್ಯಾಲೆ ಉಣ್ಣಲ್ಲ" ಎಂದು ನೆಲದ ಮೇಲೆಯೇ ಕೂತು ನಾಲ್ಕನೆಯ ರೊಟ್ಟಿ ಮುರಿಯುತ್ತಿದ್ದರು.

"ಅದು ಯಾವ ದೇಶ ಭಾವಾ?" ಎಂದು ನಾನು ಭೂಗೋಳದ ಪುಸ್ತಕ ತಂದೆ.

"ಒಂದಾ ಎರಡಾ? ಹೋಗು, ಕುಂಟಬಿಲ್ಲೆ ಆಡ್ಕ ಹೋಗು."

ಹುಬ್ಬಳ್ಳಿ ದಾಟಿದವರಲ್ಲ, ಪುಣ್ಯಾತ್ಮ.

ಕೂಸಿಗೆ ಒಂದು ತಿಂಗಳಾದಾಗ ಹಾಲುಪುಡಿ ಡಬ್ಬಿ, ಗಾಜಿನ ಬಾಟಲಿ ತಂದರು. "ಇನ್ನು ಇದೇ. ಮುಂದುವರಿದ ದೇಶದಾಗೆ ಹೆಂಗಸ್ರು ಎದೆಹಾಲು ಕೊಡಲ್ಲ."

ಒಳಗಿನಿಂದ ಅಜ್ಜಿ ಗೊಣಗಿದಳು: "ಆ ದೇಶದಾಗೆ ಕೂಸು ಹುಟ್ಟೋದಾದ್ರೂ ತಾಯಿ ಹೊಟ್ಟ್ಯಾಗೋ, ಡಬ್ಬ್ಯಾಗೋ?"

ಗೊಣಗಿದ್ದಷ್ಟೇ. ಅಳಿಯನ ಎದುರು ಮಾತಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಅಕ್ಕ ತಲೆತಗ್ಗಿಸಿ ಕುಪ್ಪಸದ ಗುಂಡಿ ಹಾಕಿಕೊಂಡಳು.

ಬಾಟಲಿ ತೊಳೆಯುವ ಕೆಲಸ ನನ್ನದಾಯಿತು. "ಬಿಸಿನೀರು ಹಾಕಿ ಒಡೀಬ್ಯಾಡ. ಫಾರಿನ್ ಗಾಜು" ಎಂದು ಭಾವ ಬೆರಳೆತ್ತಿ ಹೇಳಿದ್ದರು. ತೊಟ್ಟಿಯ ತಣ್ಣೀರಲ್ಲಿ ಅಲುಬಿ ದೇವರ ಮಾಡದ ಪಕ್ಕ ಇಡುತ್ತಿದ್ದೆ. ರಬ್ಬರಿನ ತೊಟ್ಟು ಹುಳಿ ವಾಸನೆ ಹೊಡೆಯುತ್ತಿತ್ತು. ಫಾರಿನ್ ವಾಸನೆ ಹಿಂಗೇ ಇರುತ್ತದೇನೋ ಅಂದುಕೊಂಡೆ.

ಮೂರು ವಾರಕ್ಕೆ ಕೂಸಿಗೆ ಭೇದಿ ಹಿಡಿಯಿತು. ನೆತ್ತಿ ಕುಸಿಯಿತು, ಅಳುವ ಸದ್ದೂ ಸಣ್ಣದಾಯಿತು. ಡಾಕ್ಟರು ಬಾಟಲಿ ಮೂಸಿ ಮುಖ ಕಿವುಚಿದರು: "ಇದನ್ನ ಒಂದು ದಿನನಾದ್ರೂ ಕುದಿಸಿದ್ರೇನ್ರಿ? ಬಿಸಾಕ್ರಿ. ಎದೆಹಾಲು ಕೊಡ್ರಿ, ಇಲ್ಲಾಂದ್ರೆ ಕೂಸು ಉಳಿಯಲ್ಲ."

ಅಕ್ಕನ ಎದೆ ಅಷ್ಟರಲ್ಲಿ ಬತ್ತಿತ್ತು.

ಸುದ್ದಿ ತಿಳಿದು ಬಂದ ಭಾವ ನನ್ನ ಕಡೆ ಕೈ ತೋರಿಸಿದರು. "ಇವಳೇ ಸರಿಯಾಗಿ ತೊಳೆದಿಲ್ಲ."

ಬಿಸಿನೀರು ಬೇಡ ಎಂದವರು ಇವರೇ ಎಂದು ಯಾರಾದರೂ ಹೇಳುತ್ತಾರೆಂದು ಕಾದೆ. ಅಜ್ಜಿ ಒದ್ದೆ ಬಟ್ಟೆ ಹಿಂಡಿ ಕೂಸಿನ ತುಟಿ ಒರೆಸತೊಡಗಿದಳು.

ಅಷ್ಟರಲ್ಲಿ ಹಿಂದಿನ ಸಾಲುಮನೆಯ ಹನುಮಕ್ಕ, ಗಿರಣಿ ಕೆಲಸದವನ ಹೆಂಡತಿ, ತನ್ನ ಕೂಸನ್ನು ಕಂಕುಳಲ್ಲಿ ಇರುಕಿಕೊಂಡು ಬಂದಳು. ಯಾರೂ ಕರೆದಿರಲಿಲ್ಲ. "ಕೊಡ್ರಿ ಇಲ್ಲಿ" ಎಂದು ಹೊಸ್ತಿಲ ಹತ್ತಿರ ಕೂತು ನಮ್ಮ ಕೂಸನ್ನು ಸೆರಗಿನೊಳಗೆ ಎಳೆದುಕೊಂಡಳು.

"ಕೈ ತೊಳ್ಕಂಡಾಳೇನು? ಅಡ್ವಾನ್ಸ್ಡ್ ಕಂಟ್ರೀಸ್‌ನಾಗೆ..."

ಅಜ್ಜಿ ಮೊದಲ ಸಲ ಅಳಿಯನಿಗೆ ನೇರ ಮಾತಾಡಿದಳು. "ಅಳಿಯಂದ್ರೇ, ಹೊರಗೆ ಕೂಡ್ರಿ."

ಕೂತರು. ಕೂಸು ಮೊದಲು ಸೋತು ಮೊಲೆ ಬಿಟ್ಟಿತು, ಮತ್ತೆ ಹಿಡಿಯಿತು. ಹನುಮಕ್ಕ ತಿಂಗಳುಗಟ್ಟಲೆ ಬಂದಳು. ಅವಳಿಗೂ ಅಜ್ಜಿ ಅಂಟಿನುಂಡೆ ಕಟ್ಟಿದಳು. ಅಕ್ಕ ಮಾತ್ರ ಆ ಹೊತ್ತಿಗೆ ಹಿತ್ತಲಿಗೆ ಎದ್ದು ಹೋಗುತ್ತಿದ್ದಳು.

ಮೊನ್ನೆ ಆ ಕೂಸಿನ ಮಗಳೇ ಹಡೆದಿದ್ದಾಳೆ. ಬಡಾವಣೆಯ ಹೊಸ ಮನೆಯಲ್ಲಿ ಭಾವ ಪತ್ರಿಕೆ ಹಿಡಿದು ಕೂತಿದ್ದರು. "ನೋಡ್ರಿಲ್ಲಿ! ಅಡ್ವಾನ್ಸ್ಡ್ ಕಂಟ್ರೀಸ್‌ನಾಗೆ ಈಗ ಎದೆಹಾಲೇ ಕುಡಿಸ್ತಾರಂತೆ!" ನಾಚಿಕೆಯ ಒಂದು ಗೆರೆಯೂ ಆ ಮುಖದಲ್ಲಿರಲಿಲ್ಲ. ಅಕ್ಕ ಕಾಫಿ ಲೋಟವನ್ನು ಅವರ ಮುಂದೆ ಕುಕ್ಕಿ ಒಳಗೆ ಹೋದಳು.

ಹುಡುಗಿಗೆ ಇನ್ನೂ ಹಾಲು ಇಳಿದಿರಲಿಲ್ಲ, ಕೂಸು ಚೀರುತ್ತಿತ್ತು. ಹನುಮಕ್ಕನ ದಾರಿ ಕಾಯುತ್ತಿದ್ದ ಹಳೆಯ ಅಭ್ಯಾಸಕ್ಕೆ ನಾನು ಬಾಗಿಲಿಗೆ ಹೋಗಿ ನಿಂತೆ. ಎದುರು ಮನೆಯಲ್ಲೂ ಎಳೆಗೂಸೊಂದು ಅಳುತ್ತಿತ್ತು, ಆಮೇಲೆ ಅಳು ನಿಂತಿತು. ಆ ತಾಯಿಯ ಹೆಸರೇನೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.