ಎರಡು ಸಲವೂ ಎಡಕ್ಕೆ ಬಿದ್ದ ಹೂವು

ನಮ್ಮ ಕಾಮರ್ಸ್ ಮೇಡಂ ಅವರ ಬಲಭುಜ ಎಡಭುಜಕ್ಕಿಂತ ತುಸು ತಗ್ಗಿತ್ತು. ದಪ್ಪ ರೆಕ್ಸಿನ್ ಚೀಲವನ್ನು ವರ್ಷಗಟ್ಟಲೆ ಅದೇ ಭುಜಕ್ಕೆ ನೇತುಹಾಕಿ ಹಾಗಾಗಿತ್ತು. ಚೀಲ ಇಲ್ಲದಾಗಲೂ ವಾಲಿಕೊಂಡೇ ನಡೆಯುತ್ತಿದ್ದರು. ಅರಸೀಕೆರೆಯ ನಮ್ಮ ಪಿಯು ಕಾಲೇಜಿನ ಹುಡುಗರು ಹಿಂದಿನಿಂದ ಹಾಗೇ ವಾಲಿ ನಡೆದು ನಗುತ್ತಿದ್ದರು. ಅವರು ತಿರುಗಿ ನೋಡಿ, ಇನ್ನೂ ಸ್ವಲ್ಪ ವಾಲಬೇಕು ಕಣೋ ಎಂದು ತಿದ್ದಿ ಮುಂದೆ ಹೋಗುತ್ತಿದ್ದರು.

ಮದುವೆಯಾಗಿರಲಿಲ್ಲ. ಸ್ಟೇಷನ್ ಹಿಂದಿನ ರಸ್ತೆಯಲ್ಲಿ ಒಬ್ಬರೇ ಬಾಡಿಗೆಗಿದ್ದರು. ಗೋಡೆಯ ಮೇಲೆ ಬುದ್ಧನ ಪಟ ಒಂದೇ. ಸ್ಟಾಫ್ ರೂಮಿನಲ್ಲಿ ಅವರು ಡಬ್ಬಿ ಬಿಚ್ಚಿದರೆ ಪಕ್ಕಕ್ಕೆ ಕುರ್ಚಿ ಎಳೆದುಕೊಳ್ಳುವವರು ಯಾರೂ ಇರಲಿಲ್ಲ. ಕಿಟಕಿಯ ಬಳಿ ನಿಂತೇ ಊಟ ಮುಗಿಸುತ್ತಿದ್ದರು. ಅವರ ಮನೆಯಲ್ಲಿ ನೀರೂ ಮುಟ್ಟಕೂಡದು ಎಂದು ನಮ್ಮಜ್ಜಿ ಕಟ್ಟಪ್ಪಣೆ ಮಾಡಿದ್ದರು. ನಾನು ಕಾಫಿ ಕುಡಿದೆ, ಉಪ್ಪಿಟ್ಟೂ ತಿಂದೆ. ಅಮ್ಮ ಇಲ್ಲದ ಮನೆಯಲ್ಲಿ ಬೆಳೆದವಳು ನಾನು. ಇವತ್ತೇನು ಓದಿದೆ ಎಂದು ಕೇಳುವವರು ಲೋಕದಲ್ಲಿ ಅವರೊಬ್ಬರೇ ಇದ್ದರು. ನಾನು ಲೆಕ್ಕ ಸರಿಹೋಯಿತೆಂದು ಕುಣಿದರೆ, "ಟ್ಯಾಲಿ ಆಯ್ತು ಅಂತ ಬೀಗಬೇಡ. ಎರಡು ತಪ್ಪು ಸೇರಿದ್ರೂ ಟ್ಯಾಲಿ ಆಗುತ್ತೆ" ಎನ್ನುತ್ತಿದ್ದರು.

ಅವರೇ ಹಟ ಹಿಡಿದು ಅರ್ಜಿ ಹಾಕಿಸಿದ್ದರಿಂದ ನನಗೆ ಎರಡು ಕಡೆ ಸೀಟು ಸಿಕ್ಕಿತು. ಒಂದು ದೆಹಲಿಯ ಬಿ.ಕಾಂ. ಆನರ್ಸ್, ಇನ್ನೊಂದು ಬೆಂಗಳೂರಿನ ಹೊಸ ವಿಶ್ವವಿದ್ಯಾಲಯವೊಂದರ ಬಿಬಿಎಂ ಆನರ್ಸ್. ಆ ಭಾನುವಾರ ನನ್ನನ್ನು ಬಸ್ಸಿನಲ್ಲಿ ಹಳೇಬೀಡಿಗೆ ಕರೆದುಕೊಂಡು ಹೋದರು. ಭಾನುವಾರ ಒಬ್ಬರೇ ಹೋಗಿ ಅಲ್ಲಿನ ಕೆರೆ ದಂಡೆಯಲ್ಲಿ ಕೂತು ಬರುವುದು ಅವರ ರೂಢಿ. ಗುಡಿಗೆ ಹೋಗಲ್ವಾ ಮೇಡಂ ಎಂದೆ. ಗುಡಿ ನೋಡೋಕೆ ಬಸ್ಸುಗಟ್ಟಲೆ ಜನ ಬರ್ತಾರೆ, ಈ ಕೆರೇನ ಮಾತಾಡಿಸೋರು ಯಾರು ಎಂದರು. ಕಡಲೆಕಾಯಿ ಸುಲಿಯುತ್ತಾ ಎರಡೂ ಕೋರ್ಸನ್ನು ಬಿಡಿಸಿ ಹೇಳಿದರು. ಬೆಂಗಳೂರಿನದು ಕೆಲಸಕ್ಕೆ ಅಣಿಮಾಡುವಂಥದ್ದು, ಕಂಪನಿಯವರು ಕಾಲೇಜಿನ ಬಾಗಿಲಿಗೇ ಬರುತ್ತಾರೆ. ದೆಹಲಿಯದರಲ್ಲಿ ಅರ್ಥಶಾಸ್ತ್ರ, ಕಾನೂನು ಎಲ್ಲವನ್ನೂ ಬುಡದಿಂದ ಓದಿಸುತ್ತಾರೆ, ಮುಂದೆ ಯಾವ ದಾರಿ ಬೇಕಾದರೂ ಹಿಡಿಯಬಹುದು. ಆದರೆ ಅಲ್ಲಿ ನಮ್ಮವರು ಅಂತ ಒಬ್ಬರೂ ಇರುವುದಿಲ್ಲ. ಎರಡರಲ್ಲಿ ಯಾವುದಕ್ಕೆ ಹೋಗಲಿ ಎಂದು ಎಷ್ಟು ಪೀಡಿಸಿದರೂ ಬಾಯಿ ಬಿಡಲಿಲ್ಲ. ನನಗೆ ಸಿಟ್ಟೇ ಬಂತು.

ಕೊಬ್ಬರಿ ಮಂಡಿ ಇಟ್ಟಿದ್ದ ಅಪ್ಪ ಮನೆದೇವರ ಪ್ರಸಾದ ಕೇಳದೆ ಯಾವ ದೊಡ್ಡ ಕೆಲಸವನ್ನೂ ಮಾಡಿದವರಲ್ಲ. ಜಾವಗಲ್ ಕಡೆಯ ಗುಡಿಯಲ್ಲಿ ದೇವರ ಮೇಲೆ ಹೂ ಏರಿಸಿ ಮನಸ್ಸಿನಲ್ಲಿದ್ದುದನ್ನು ಕೇಳಬೇಕು. ಹೂ ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ. ಮಗಳನ್ನು ದೆಹಲಿಗೆ ಕಳಿಸಲೇ ಎಂದು ಕೇಳಿದರು. ಎಡಕ್ಕೆ ಬಿತ್ತು. ಬೆಂಗಳೂರಿಗೆ? ಅದೂ ಎಡಕ್ಕೆ. ಅಲ್ಲಿಗೆ ನನ್ನ ಓದು ಮುಗಿಯಿತು. ಗಂಡು ನೋಡೋಣ ಎಂದು ಅಜ್ಜಿ ಶುರು ಹಚ್ಚಿಕೊಂಡರು. ನಾನು ಅಳುತ್ತಾ ಮೇಡಂ ಮನೆಗೆ ಓಡಿದೆ.

ಅವತ್ತು ಸಂಜೆಯೇ ಮೇಡಂ ನಮ್ಮ ಮನೆಗೆ ಬಂದರು. ಅಪ್ಪ ಜಗಲಿಯಲ್ಲಿ ಕುರ್ಚಿ ಹಾಕಿಸಿದರು. ಕಾಫಿ ಕೊಡುವ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

"ದೇವ್ರೇ ಬ್ಯಾಡ ಅಂದ್ಮೇಲೆ ನಾನೇನ್ ಮಾಡ್ಲಿ ಮೇಡಂ?" ಎಂದರು ಅಪ್ಪ.

ದೇವರ ವಿಷಯಕ್ಕೆ ಮೇಡಂ ವಾದಕ್ಕಿಳಿಯಲಿಲ್ಲ. ಓದು ಬಿಡಿಸಿ ಮದುವೆ ಮಾಡಲೇ ಎಂದು ಕೇಳಿದಿರಾ ಅಂದರು. ಇಲ್ಲವೆಂದರು ಅಪ್ಪ.

"ಅದನ್ನೂ ಒಂದ್ಸಲ ಕೇಳಿಬಿಡಿ. ಅದೂ ಎಡಕ್ಕೆ ಬಿದ್ರೆ ಮಗೂನ ಎಲ್ಲಿ ಇಟ್ಕೋತೀರಿ?"

ದೇವರು ಅದಕ್ಕೂ ಬೇಡವೆಂದುಬಿಟ್ಟರೆ ಮದುವೆಯ ಮಾತನ್ನೇ ಎತ್ತುವಂತಿಲ್ಲ. ಕೇಳಿ ನೋಡುವ ಧೈರ್ಯ ಅಪ್ಪನಿಗೆ ಬರಲಿಲ್ಲ. ಮೀಸೆ ತೀಡುತ್ತಾ, "ದೇವ್ರಿಗೆ ತಪ್ಪುಕಾಣಿಕೆ ಕಟ್ಟಿ ಕಳಿಸ್ತೀನಿ. ಎಲ್ಲಿಗೆ ಅಂತ ನೀವೇ ಹೇಳ್ಬಿಡಿ" ಎಂದರು.

ಮೇಡಂ ನನ್ನ ಮುಖ ನೋಡಲಿಲ್ಲ. ದೆಹಲಿಗೆ ಎಂದರು.

ಬೀದಿಯ ತಿರುವಿನವರೆಗೆ ಜೊತೆಗೆ ಹೋಗಿ, ಇದನ್ನು ಕೆರೆ ದಂಡೆಯಲ್ಲೇ ಯಾಕೆ ಹೇಳಲಿಲ್ಲ ಎಂದು ಜಗಳ ತೆಗೆದೆ.

"ಬೆಂಗಳೂರಾದ್ರೆ ನೀನು ವಾರವಾರ ಬರ್ತೀಯ ಅಂತ ನಂಗೆ ಆಸೆ ಆಯ್ತು ಕಣೇ. ಆ ಆಸೆ ಇಟ್ಕೊಂಡು ನಿಂಗೇನು ಹೇಳಲಿ? ಅದಕ್ಕೇ ಸುಮ್ನಿದ್ದೆ."

ದೆಹಲಿಯ ಮೊದಲ ಚಳಿಗಾಲ ನನ್ನನ್ನು ಹಣ್ಣುಗಾಯಿ ಮಾಡಿತು. ಹಾಸ್ಟೆಲಿನಲ್ಲಿ ಕನ್ನಡದ ಒಂದು ಮಾತು ಕಿವಿಗೆ ಬೀಳುತ್ತಿರಲಿಲ್ಲ. ಭಾನುವಾರ ಫೋನ್ ಮಾಡಿದರೆ ಮೇಡಂ ಕೆರೆ ದಂಡೆಯಲ್ಲಿರುತ್ತಿದ್ದರು. ನಾನು ಅಳುವುದನ್ನು ಪೂರ್ತಿ ಕೇಳಿಸಿಕೊಂಡು, ಈ ವಾರ ಏನು ಓದಿದೆ ಎನ್ನುತ್ತಿದ್ದರು. ಯಾವಾಗ ಬರ್ತೀಯ ಎಂದು ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ನಾನು ಗಂಟುಮೂಟೆ ಕಟ್ಟಿ ಬಂದುಬಿಡುತ್ತಿದ್ದೆ. ಅದು ಅವರಿಗೂ ಗೊತ್ತಿತ್ತು.

ಓದು ಮುಗಿಸಿ ಅಲ್ಲೇ ಕೆಲಸಕ್ಕೆ ಸೇರಿದ ವರ್ಷ ಮೇಡಂ ಅವರ ಮನೆಯೊಡತಿ ಫೋನ್ ಮಾಡಿದರು. ಮಲಗಿದವರು ಏಳಲೇ ಇಲ್ಲವಂತೆ. ನಾನು ರೈಲಿಳಿಯುವ ಹೊತ್ತಿಗೆ ಮಣ್ಣಾಗಿತ್ತು. ನಾನು ಎಂದೂ ನೋಡಿರದ ಅವರ ತಮ್ಮ ಮನೆ ಖಾಲಿ ಮಾಡುತ್ತಿದ್ದರು. ನೀವು ಅಕ್ಕನಿಗೆ ಏನಾಗಬೇಕು ಎಂದು ಕೇಳಿದರು. ಅವರ ಸ್ಟೂಡೆಂಟ್, ದೆಹಲಿಯಿಂದ ಬಂದೆ ಎಂದೆ.

"ಇದಕ್ಕೋಸ್ಕರ ಅಷ್ಟು ದೂರದಿಂದ ಬಂದ್ರಾ?"

"ಅಷ್ಟು ದೂರ ಕಳಿಸಿದ್ದೇ ಅವರು," ಎಂದೆ.