ಒಂದೇ ಸದ್ದು

ಮೊನ್ನೆ ಸೊಸೆ ಮಗುವಿನ ಕಿವಿನೋವಿಗೆಂದು ಬೆಳ್ಳುಳ್ಳಿ ಜಜ್ಜಿ ಕೊಬ್ಬರಿ ಎಣ್ಣೆಯಲ್ಲಿ ಕಾಯಿಸುತ್ತಿದ್ದಳು. ಆ ವಾಸನೆಗೆ ನಮ್ಮ ವಿಜ್ಞಾನದ ಮೇಷ್ಟ್ರು ಎದುರಿಗೆ ಬಂದು ನಿಂತ ಹಾಗಾಯಿತು. ಅವರ ಹತ್ತಿರ ಹೋದರೆ ಸದಾ ಇದೇ ವಾಸನೆ...

ಐವತ್ತರ ದಶಕದ ಕೊನೆ ಇರಬೇಕು. ಅಜ್ಜಂಪುರದಲ್ಲಿ ನಮ್ಮ ಪಕ್ಕದ ಮನೆಯೇ ಅವರದು. ಕಿವಿ ಮಂದವಾಗುತ್ತಾ ಬಂದಿತ್ತು. ಮೇಲಿನವರಿಗೆ ಗೊತ್ತಾದರೆ ಕೆಲಸ ಹೋಗುತ್ತದೆಂಬ ಹೆದರಿಕೆ. ಅದಕ್ಕೇ ನನ್ನನ್ನು ಮುಂದಿನ ಬೆಂಚಿನಲ್ಲಿ ಕೂರಿಸಿಕೊಂಡಿದ್ದರು. ತಮಗೆ ಕೇಳಿಸದ್ದನ್ನು ನಾನು ಕಣ್ಣಲ್ಲೋ ಬೆರಳಲ್ಲೋ ತಿಳಿಸಬೇಕಿತ್ತು.

ಅವರಿಗೆ ಬಲು ಪ್ರೀತಿಯ ಪ್ರಯೋಗವೊಂದಿತ್ತು. ಒಂದಾಣೆ ನಾಣ್ಯವೊಂದನ್ನು ಮೇಜಿನ ಅಂಚಿಗೂ ಇನ್ನೊಂದನ್ನು ಹೊರಚಾಚಿದ ಅಡಿಕೋಲಿನ ತುದಿಗೂ ಇಟ್ಟು, ಅಡಿಕೋಲನ್ನು ಬೀಸಿ ಹೊಡೆಯುವರು. ಒಂದು ನೆಟ್ಟಗೆ ಕೆಳಕ್ಕೆ, ಇನ್ನೊಂದು ದೂರಕ್ಕೆ ಹಾರುತ್ತಿತ್ತು. ಎರಡೂ ಒಟ್ಟಿಗೇ ಕಲ್ಲುನೆಲ ಮುಟ್ಟುತ್ತಿದ್ದವು.

"ಮುಂದಕ್ಕೆ ಹೋಗೋದೇ ಬೇರೆ, ಕೆಳಕ್ಕೆ ಬೀಳೋದೇ ಬೇರೆ ಕಣ್ರೋ. ಎಷ್ಟು ದೂರ ಹಾರಿದ್ರೂ ಭೂಮಿ ಒಂದೇ ಸಮ ಎಳೀತದೆ" ಎನ್ನುವರು. ನಾನು ಒಂದು ಬೆರಳೆತ್ತಿದರೆ ಒಂದೇ ಸದ್ದು ಎಂದರ್ಥ, ಅವರ ಮುಖ ಅರಳುತ್ತಿತ್ತು. ಎರಡೆತ್ತಿದರೆ ಕೈ ತಪ್ಪಿದೆಯೆಂದು ತಿಳಿದು ಮತ್ತೆ ಹೊಡೆಯುತ್ತಿದ್ದರು.

ಈ ಗುಟ್ಟು ಹುಡುಗರಿಗೆ ತಿಳಿದುಹೋಯಿತು. "ಮೇಷ್ಟ್ರ ಕಿವಿ" ಎಂದು ಬೀದಿಯಲ್ಲೆಲ್ಲ ಕೂಗಿ ನನ್ನನ್ನು ರೇಗಿಸತೊಡಗಿದರು. ಅವಮಾನದಿಂದ ಸತ್ತೇಹೋಗಬೇಕು ಅನ್ನಿಸುತ್ತಿತ್ತು. ಅಂಥ ದಿನಗಳಲ್ಲೇ ಶಾಲೆಯ ತಪಾಸಣೆಗೆ ಇನ್ಸ್‌ಪೆಕ್ಟರು ಬಂದರು.

ಮೇಷ್ಟ್ರು ಅವರಿಗೂ ಅದೇ ಪ್ರಯೋಗ ತೋರಿಸಿದರು. ಪೆಟ್ಟು ಸರಿಯಾಗಿ ಬೀಳಲಿಲ್ಲವೋ ಏನೋ, ಒಂದು ನಾಣ್ಯ ಅಡಿಕೋಲಿನ ತುದಿಯಲ್ಲೇ ನಿಂತು, ತಡವಾಗಿ ಬಿತ್ತು. ಟಣ್... ಟಣ್. ಇನ್ಸ್‌ಪೆಕ್ಟರ ಮುಖವನ್ನೇ ನೋಡುತ್ತಿದ್ದ ಮೇಷ್ಟ್ರು ಅದನ್ನು ಕಾಣಲಿಲ್ಲ. ಅಭ್ಯಾಸದಂತೆ ನನ್ನತ್ತ ತಿರುಗಿದರು.

"ಏ ಕಿವಿ, ತೋರ್ಸೇ!" ಹಿಂದಿನಿಂದ ಯಾರೋ ಪಿಸುಗುಟ್ಟಿದರು. ನಾನು ಎರಡೂ ಕೈಯನ್ನು ಲಂಗದಡಿ ಅಡಗಿಸಿ ತಲೆ ತಗ್ಗಿಸಿದೆ.

"ಕೇಳಿಸ್ತಲ್ಲ, ಒಂದೇ ಸದ್ದು!" ಎಂದರು ಮೇಷ್ಟ್ರು.

ಇಡೀ ಕ್ಲಾಸು ನಕ್ಕಿತು. ಎಲ್ಲರೂ ನಗುತ್ತಿದ್ದಾರೆಂದು ಅವರೂ ನಕ್ಕರು... ಇನ್ಸ್‌ಪೆಕ್ಟರು ಅವರ ಬೆನ್ನ ಹಿಂದೆ ಹೋಗಿ ಏನೋ ಕೇಳಿದರು. ಮೇಷ್ಟ್ರು ತಿರುಗಲೇ ಇಲ್ಲ.

ಆ ವರ್ಷವೇ ಅವರ ಕೆಲಸ ಹೋಯಿತು. ಮನೆ ಖಾಲಿ ಮಾಡಿ ತಮ್ಮೂರು ಯಗಟಿಗೆ ಹೊರಟರು. ಹೋಗುವಾಗಲೂ ನನ್ನನ್ನು ಒಂದು ಮಾತು ಕೇಳಲಿಲ್ಲ.

ನನ್ನ ಮದುವೆಯಾದ ಮೇಲೆ ಒಮ್ಮೆ ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಮೇಷ್ಟ್ರ ಹೆಂಡತಿ ಸಿಕ್ಕರು. ಹಣೆ ಬರಿದಾಗಿತ್ತು. ನನ್ನ ಕೈ ಹಿಡಿದುಕೊಂಡು ಅಂದರು:

"ಇನ್ಸ್‌ಪೆಕ್ಟ್ರು ಬಂದಾವತ್ತು ನಿಮ್ಮನ್ನೆಲ್ಲ ಹಿಂದಕ್ಕೆ ಕೂರ್ಸಿದ್ರಂತಲ್ಲೇ. 'ಪಾಪ, ಆ ಮಗು ಕೈಯೆತ್ತಿ ತೋರಿಸ್ತಾನೇ ಇತ್ತು, ನಂಗೇ ಕಾಣಿಸ್ಲಿಲ್ಲ' ಅಂತ ಸಾಯೋವರ್ಗೂ ಹೇಳ್ತಿದ್ರು ಕಣವ್ವಾ."

ನಾನು "ಹೂಂ" ಅಂದುಬಿಟ್ಟೆ. ಅವರು ನನ್ನ ಬೆನ್ನು ಸವರಿ ಬಸ್ಸು ಹತ್ತಿದರು.

ಈಗ ಆಕೆಯೂ ಇಲ್ಲ. ಆವತ್ತೂ ನಾನು ಮುಂದಿನ ಬೆಂಚಿನಲ್ಲೇ, ಮೇಷ್ಟ್ರ ಎದುರಿಗೇ ಕೂತಿದ್ದೆ ಎಂದು ಹೇಳೋಣವೆಂದರೆ ಕೇಳಬೇಕಾದವರು ಯಾರೂ ಉಳಿದಿಲ್ಲ.