ಬಸವೇಶ ತುಂಬಿಟ್ಟ ಗಾಳಿ

ಹನೂರಿನ ಬಸ್ ನಿಲ್ದಾಣದ ಹಿಂದೆ ಸೈಕಲ್ ಶಾಪ್ ಇಟ್ಟುಕೊಂಡಿರುವ ನಿಂಗರಾಜುವಿಗೆ ಬಾಯಿ ಜಾಸ್ತಿ. ಚೈನಿಗೆ ಅಡುಗೆ ಎಣ್ಣೆ ಬಿಟ್ಟುಕೊಂಡು ಬಂದವರನ್ನು ಅವನು ಸುಮ್ಮನೆ ಕಳಿಸಿದ್ದೇ ಇಲ್ಲ. "ಒಗ್ಗರಣೆ ಆಕಕ್ಕೆ ತಂದಿದ್ದೀಯಾ?" ಎಂದು ಬಯ್ದು, ಆಮೇಲೆ ಚೈನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಕೊಡುತ್ತಾನೆ. ಕೊಳ್ಳೇಗಾಲದಲ್ಲಿ ಒಬ್ಬ ಮುದುಕ ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿತವನು. ಕಸುಬಿನ ಜೊತೆಗೆ ಮುದುಕನ ಬೈಗುಳವನ್ನೂ ಗಂಟು ಕಟ್ಟಿಕೊಂಡು ಬಂದ. ಇಂಥ ಬಾಯಾಳಿ ಸಂಜೆ ಬಸ್ಸಿಳಿದು ಹೂಗ್ಯಂನ ತನ್ನ ಮನೆಯ ಅಂಗಳಕ್ಕೆ ಕಾಲಿಟ್ಟರೆ ಮಾತೇ ನಿಂತುಹೋಗುತ್ತಿತ್ತು. ಜಗುಲಿಯ ಮೇಲೆ ತಮ್ಮನ ಸೈಕಲ್ ನಿಂತಿರುತ್ತಿತ್ತು.

ತಮ್ಮ ಬಸವೇಶ ಹೋದ ವರ್ಷ ಗೋಪಿನಾಥಂ ಹತ್ತಿರ ಹೊಳೆಯಲ್ಲಿ ಮುಳುಗಿದ. ಮೀನು ಹಿಡಿಯುವ ನೆಂಟರ ಜೊತೆ ತೆಪ್ಪ ಹತ್ತಿದ್ದ. ತೆಪ್ಪ ಮಗುಚಿತು, ನೆಂಟರು ಈಜಿ ದಡ ಸೇರಿದರು, ಇವನು ಸೇರಲಿಲ್ಲ. ಕೆಳಗಿನ ತಮಿಳು ಊರುಗಳವರೆಗೂ ಹುಡುಕಿದರು. ಹೆಣ ಸಿಗಲಿಲ್ಲ. ಹೆಣ ನೋಡದೆ ನಾನು ಅಳುವವಳಲ್ಲ ಎಂದುಬಿಟ್ಟಳು ಅವ್ವ ಚಿಕ್ಕಮಾದಮ್ಮ. ತಿಥಿ ಮಾಡಗೊಡಲಿಲ್ಲ, ಬಸವೇಶನ ಹೆಂಡತಿ ಪುಷ್ಪಳ ಬಳೆ ಮುಟ್ಟಗೊಡಲಿಲ್ಲ. ಊರಿನವರು ಸಾವಿನ ಮನೆಗೆ ಬರುವಂತೆ ಬರಲೂ ಆಗದೆ, ಬರದೆ ಇರಲೂ ಆಗದೆ, ಬೇಲಿಯಾಚೆಯೇ ನಿಂತು ಮಾತಾಡಿಸಿ ಹೋಗುತ್ತಿದ್ದರು.

ಆ ಸೈಕಲ್ ಮಾಮೂಲಿಯದಲ್ಲ. ಬೆಟ್ಟದ ಕಲ್ಲುದಾರಿಗೆಂದೇ ಮಾಡಿದ್ದು. ಕಾಡಂಚಿನ ದಾರಿಗಳಲ್ಲಿ ಸೈಕಲ್ ತುಳಿಯಲು ಬರುವ ಪೇಟೆಯವರಿಗೆ ಬಸವೇಶ ದಾರಿ ತೋರಿಸುತ್ತಿದ್ದ; ಅವರಲ್ಲೊಬ್ಬರು ಹೊಸದು ಕೊಂಡು ಹಳೆಯದನ್ನು ಇವನಿಗೆ ಬಿಟ್ಟುಹೋಗಿದ್ದರು. ಸೀಟಿನ ಕೆಳಗೆ ಮೋಟಾರ್ ಬೈಕಿಗಿರುವಂತೆ ಒಂದು ಶಾಕಬ್ಸರ್. ಅದರೊಳಗೆ ಸ್ಪ್ರಿಂಗ್ ಇಲ್ಲ, ಬರೀ ಗಾಳಿ. ಹಿಂದಿನ ಚಕ್ರ ಎಷ್ಟು ಮೇಲೆ ಕೆಳಗೆ ಆಡಬೇಕು ಎಂಬುದು ಆ ಗಾಳಿಯ ಕೈಯಲ್ಲಿದೆ. ಹೆಚ್ಚಾದರೆ ಚಕ್ರ ಕಲ್ಲಿನ ಮೇಲೆ ಪುಟಿಯುತ್ತದೆ, ಕಡಿಮೆಯಾದರೆ ತಳ ಬಡಿಯುತ್ತದೆ. ಹಾಗಾಗಿ ಕೂರುವವರ ಮೈತೂಕ ನೋಡಿ ತುಂಬಬೇಕು. ಬಸವೇಶ ಸೀಟಿನ ಮೇಲೆ ಕೂತು, ಇಳಿದು, ಶಾಕಬ್ಸರ್ ಎಷ್ಟು ಕುಗ್ಗಿತೆಂದು ನೋಡಿ, ಗಾಳಿಯ ಒತ್ತಡ ತೋರಿಸುವ ಮುಳ್ಳಿರುವ ಪುಟ್ಟ ಪಂಪಿನಿಂದ ಕೈಯಾರೆ ತನ್ನ ತೂಕಕ್ಕೆ ತುಂಬಿಟ್ಟಿದ್ದ.

ಒಂದು ಭಾನುವಾರ ಧೂಳು ಒರೆಸುತ್ತಿದ್ದಾಗ ನಿಂಗರಾಜುವಿಗೆ ಇದು ಹೊಳೆಯಿತು. ಟೈರುಗಳ ಗಾಳಿ ಎಂದೋ ಇಳಿದುಹೋಗಿತ್ತು. ಶಾಕಬ್ಸರ್ ಮಾತ್ರ ಬಿಗಿಯಾಗಿತ್ತು. ತಮ್ಮನ ಮೈ ಸಿಗಲಿಲ್ಲ, ಅವನು ತುಂಬಿದ ಗಾಳಿ ಮಾತ್ರ ಇಲ್ಲಿ ಭದ್ರವಾಗಿದೆ ಅನ್ನಿಸಿತು. ಅಂದಿನಿಂದ ಪ್ರತಿ ಭಾನುವಾರ ಇಳಿಹೊತ್ತಿನಲ್ಲಿ ಆ ಪಂಪನ್ನು ಸಿಕ್ಕಿಸಿ ಮುಳ್ಳು ನೋಡುವುದು ಅವನಿಗೆ ವ್ರತವಾಗಿಬಿಟ್ಟಿತು.

ಪ್ರತಿ ಸಲವೂ ಮುಳ್ಳು ಹಿಂದಿನ ಸಲಕ್ಕಿಂತ ಒಂದು ಗೀರು ಕೆಳಗೆ ನಿಲ್ಲುತ್ತಿತ್ತು. ವಾಲ್ವಿನ ಬಾಯಿಗೆ ಉಗುಳು ಹಚ್ಚಿ ನೋಡಿದ. ಒಂದು ಗುಳ್ಳೆಯೂ ಏಳಲಿಲ್ಲ.

"ಸೋರ್ತಾ ಇಲ್ಲ ಕಣವ್ವ. ಆದ್ರೂ ಕಮ್ಮಿ ಆಯ್ತಾ ಅದೆ," ಎಂದ.

"ಅವ್ನು ಓಡುಸ್ತಾನೆ ಕಣ್ಲಾ," ಎಂದಳು ಅವ್ವ, ಸೊಪ್ಪು ಬಿಡಿಸುತ್ತಾ. "ಒತ್ತು ಮುಳುಗೋವಾಗ ಚಕ್ರ ತಿರುಗೋ ಸದ್ದು ನಂಗೆ ಕೇಳ್ತದೆ. ನಿಂಗೆ ಕೇಳಕಿಲ್ವಾ?"

ಕೇಳುತ್ತಿತ್ತು. ಅದೇ ಅವನ ಸಂಕಟ. ಹಿತ್ತಲಲ್ಲಿ ಕಾಲು ತೊಳೆಯುವಾಗ ಜಗುಲಿಯಿಂದ ಫ್ರೀವೀಲಿನ ಟಿಕ್ ಟಿಕ್ ಸದ್ದು ಬರುತ್ತಿತ್ತು. ಓಡಿ ಬಂದರೆ ಸೈಕಲ್ ಇದ್ದಲ್ಲೇ ಇರುತ್ತಿತ್ತು. ಸೀಟು ಮುಟ್ಟಿದರೆ ಬೆಚ್ಚಗೆ. ಇಳಿಬಿಸಿಲಿಗೆ ಇರಬೇಕು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಗಾಳಿ ಇಳಿಯುವ ಗುಟ್ಟು ತಿಳಿದದ್ದು ಶಾಪಿನಲ್ಲಿ. ಬೆಟ್ಟಕ್ಕೆ ಹೊರಟಿದ್ದ ಯಾರೋ ಅಂಥದೇ ಸೈಕಲ್ ತಂದಿದ್ದರು. ನಿಂಗರಾಜು ಮನೆಯಿಂದ ತಂದಿದ್ದ ಆ ಪಂಪು ಸಿಕ್ಕಿಸಿ ಮುಳ್ಳು ನೋಡಿದ, ತೆಗೆದ, ಅನುಮಾನ ಬಂದು ಮತ್ತೆ ಸಿಕ್ಕಿಸಿದ. ಒಂದು ಗೀರು ಇಳಿದಿತ್ತು. ಮತ್ತೆ ಸಿಕ್ಕಿಸಿದ; ಇನ್ನೊಂದು ಗೀರು. ಪಂಪಿನ ಖಾಲಿ ಪೈಪು ತುಂಬುವಷ್ಟು ಗಾಳಿ ಪ್ರತಿ ಸಲವೂ ಶಾಕಬ್ಸರ್‌ನಿಂದಲೇ ಬರುತ್ತಿತ್ತು, ಪೈಪು ಬಿಚ್ಚಿದಾಗ ಹಾರಿಹೋಗುತ್ತಿತ್ತು. ನಿಂಗರಾಜು ಪಂಪು ಹಿಡಿದುಕೊಂಡೇ ಸ್ಟೂಲಿನ ಮೇಲೆ ಕೂತ. ತಮ್ಮ ಇದ್ದಾನೆಯೇ ಎಂದು ವಾರ ವಾರ ನೋಡುತ್ತಾ, ಅವನನ್ನು ಚೂರು ಚೂರೇ ಹೊರಗೆ ಕಳಿಸುತ್ತಿದ್ದವನು ತಾನೇ. ಇದಕ್ಕಿಂತ ದೆವ್ವವೇ ವಾಸಿಯಿತ್ತು. ಮನೆಗೆ ಬಂದವನೇ ಪಂಪನ್ನು ಅಟ್ಟಕ್ಕೆಸೆದ. ಜಗುಲಿಯ ಟಿಕ್ ಟಿಕ್ ಮಾತ್ರ ನಿಲ್ಲಲಿಲ್ಲ.

ಆ ಹೊತ್ತಿಗೆ ಪುಷ್ಪಳಿಗೆ ಆಶಾ ಕಾರ್ಯಕರ್ತೆಯ ಕೆಲಸ ಸಿಕ್ಕಿತು. ಕಾಡಂಚಿನ ಒಂಟಿಮನೆಗಳ ಬಸುರಿ ಬಾಣಂತಿಯರನ್ನು ನೋಡಿಬರಬೇಕು, ಬಸ್ಸಿಲ್ಲದ ದಾರಿ. ಟೈರಿಗೆ ಗಾಳಿ ಹೊಡೆಸಿಕೊಂಡು ಗಂಡನ ಸೈಕಲ್ ಏರಿದಳು. ಮೊದಲ ದಿನವೇ ಮಂಡಿ ಕಿತ್ತುಕೊಂಡು, ಮಾತ್ರೆಯ ಚೀಲ ಹರಿದುಕೊಂಡು ಬಂದಳು. ಬಸವೇಶನ ತೂಕಕ್ಕೆ ಬಿಗಿದಿದ್ದ ಗಾಳಿ ಅಷ್ಟು ಇಳಿದ ಮೇಲೂ ಇವಳ ಹಗುರ ಮೈಗೆ ಜಗ್ಗಲಿಲ್ಲ. ಕಲ್ಲು ಸಿಕ್ಕಿದಲ್ಲಿ ಚಕ್ರ ಪುಟಿದು ಅವಳನ್ನು ಎಸೆದಿತ್ತು.

"ಬಾವ, ನನ್ ತೂಕಕ್ಕೆ ಮಾಡ್ಕೊಡಿ," ಎಂದು ಕೇಳಿದಳು.

"ಪಂಪು ಎಲ್ಲೋ ಓಗ್ಬುಟ್ಟದೆ ಕಣವ್ವ, ನೋಡ್ತೀನಿ," ಎಂದ. ನೋಡಲಿಲ್ಲ. ಊರಿಗೆಲ್ಲ ರೇಗುವವನು ಈ ಹೆಣ್ಣಿನ ಮುಖ ನೋಡಲಾರದೆ ಬೆಳಗಿನ ಮೊದಲ ಬಸ್ಸಿಗೇ ಹೋಗತೊಡಗಿದ.

ಪುಷ್ಪ ಮತ್ತೆ ಬಿದ್ದಳು. ಈ ಸಲ ಮೊಣಕೈಗೆ ಬಟ್ಟೆ ಸುತ್ತಿಕೊಂಡು ಬಂದು, ಜಗುಲಿಯ ಕಂಬಕ್ಕೆ ಒರಗಿ ಕೂತು, ಮೆಲ್ಲಗೆ ಹೇಳಿದಳು: "ಅವ್ರೇ ನನ್ನ ತಳ್ತಾವ್ರೆ ಅನ್ನಿಸ್ತದೆ ಬಾವ. ಬದ್ಕಿದ್ದಾಗ ಒಂದೇಟು ಒಡ್ದೋರಲ್ಲ. ಈಗ ಇಂಗೆ ಅನ್ಕಂಡು ಬಾಳಕ್ಕೆ ನನ್ ಕೈಲಾಗದು."

ನಿಂಗರಾಜು ಎದ್ದ. ಅಟ್ಟ ಹತ್ತಿ ಪಂಪು ತಂದ. "ಒಸಿ ಕಮ್ಮಿ ಮಾಡಿದ್ರೆ ಸಾಕು, ಪೂರ್ತಿ ಬುಡದು ಬ್ಯಾಡ," ಎಂದ, ಯಾರ ಮುಖವನ್ನೂ ನೋಡದೆ.

"ಪೂರ್ತಿ ಬುಡಿ," ಎಂದಳು ಪುಷ್ಪ. "ಅರ್ಧಂಬರ್ಧ ಇಟ್ಕಬ್ಯಾಡಿ. ಅವ್ರು ಓಗ್ಲಿ."

ಜಗುಲಿಯಲ್ಲಿ ಕೂತಿದ್ದ ಅವ್ವ ಎದ್ದು ಒಳಗೆ ಹೋದಳು. ಮುನಿಸಿಕೊಂಡಳು ಎಂದುಕೊಂಡು ನಿಂಗರಾಜು ವಾಲ್ವಿನ ಮುಚ್ಚಳ ತಿರುಗಿಸಿದ. ಅವ್ವ ಚೊಂಬು ಹಿಡಿದು ಹೊರಗೆ ಬಂದಳು.

"ತಡಿಲಾ," ಎಂದಳು. "ಬಾಯ್ಗೆ ನೀರು ಬುಡ್ದೆ ಕಳಿಸ್ಬಾರ್ದು."

ವಾಲ್ವಿನೊಳಗೆ ನೀರು ಹೋಗಬಾರದು. ಬೇರೆ ಯಾರಾದರೂ ಹಾಗೆ ಮಾಡಿದ್ದರೆ ನಿಂಗರಾಜು ಅವರ ವಂಶವನ್ನೇ ಜಾಲಾಡಿಬಿಡುತ್ತಿದ್ದ. ಈಗ ಸೈಕಲ್ಲನ್ನು ಓರೆ ಮಾಡಿ ವಾಲ್ವಿನ ಬಾಯಿ ಮೇಲೆ ಬರುವಂತೆ ಹಿಡಿದ. ಚಿಕ್ಕಮಾದಮ್ಮ ಬೆರಳು ಅದ್ದಿ ಒಂದೊಂದೇ ತೊಟ್ಟು ಬಿಟ್ಟಳು. "ಕುಡಿ ಮಗ," ಎಂದಳು. ಪುಷ್ಪ ಬಿಟ್ಟಳು. ನಿಂಗರಾಜುವೂ ಬಿಟ್ಟ.

ಆಮೇಲೆ ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿ ಉಗುರಿನಿಂದ ವಾಲ್ವು ಒತ್ತಿದ. ಗಾಳಿ ಹೊರಟಿತು. ಅಂಗೈಗೆ ತಣ್ಣಗೆ, ಎಣ್ಣೆಯ ವಾಸನೆಯೊಂದಿಗೆ, ಒಂದೇ ಸಮ ಬಂತು. ಮೂವರೂ ಉಸಿರು ಬಿಗಿಹಿಡಿದು ಕೇಳಿದರು. ಸದ್ದು ಸಣ್ಣಗಾಯಿತು, ನಡುಗಿತು, ನಿಂತಿತು. ಸೈಕಲ್ಲಿನ ಹಿಂಭಾಗ ಮೆಲ್ಲಗೆ ಕುಸಿದು ಕೂತಿತು.

ಚಿಕ್ಕಮಾದಮ್ಮ ಎದೆ ಬಡಿದುಕೊಂಡು ಅಂಗಳದಲ್ಲಿ ಬಿದ್ದಳು. ವರ್ಷದಿಂದ ಕಟ್ಟಿಟ್ಟಿದ್ದ ಅಳು ಕೇರಿಯೆಲ್ಲ ಕೇಳುವಂತೆ ಹೊರಬಂತು. ಮಗನ ಹೆಸರು ಹಿಡಿದು, ಅವನು ಹುಟ್ಟಿದ ದಿನದಿಂದ ಹಿಡಿದು, ಹಾಡಿ ಹಾಡಿ ಅತ್ತಳು. ಜನ ಬೇಲಿ ದಾಟಿ ಒಳಗೆ ಬಂದರು. ಹೆಂಗಸರು ಪುಷ್ಪಳನ್ನು ತಬ್ಬಿಕೊಂಡರು. ಪಕ್ಕದ ಮನೆಯ ರಾಜಣ್ಣ ಟವೆಲನ್ನು ತಲೆಯಿಂದ ತೆಗೆದು, ನಿಂಗರಾಜುವಿನ ಹೆಗಲ ಮೇಲೆ ಕೈಯಿಟ್ಟು, ಯಾವ ಸಾವಿನ ಮನೆಯಲ್ಲೂ ಕೇಳುವುದನ್ನೇ ಕೇಳಿದ.

"ಯಾವಾಗ ಓಯ್ತಪ್ಪ ಜೀವ?"

ನಿಂಗರಾಜುವಿನ ಬೆರಳು ಇನ್ನೂ ವಾಲ್ವಿನ ಮೇಲೇ ಇತ್ತು.

"ಈಗ ಕಣಣ್ಣ," ಎಂದ. "ಈಗ್ತಾನೆ ಓಯ್ತು."